ಮಗಳಿಗೊಂದು ಪತ್ರ: ಸಾಯಲು ಒಪ್ಪದ ಕೋಶಗಳು

ಪ್ರೀತಿಯ ಪುಟ್ಟಿ,

ಕ್ಯಾನ್ಸರ್ ಅಂದರೆ ಕೋಶಗಳು ಎಗ್ಗಿಲ್ಲದೆ ಬೆಳೆಯೋದು ಅಂದೆಯಲ್ಲ, ಅದು ಅರ್ಧ ಕತೆ. ಕೆಲವು ಕ್ಯಾನ್ಸರ್‌ಗಳಲ್ಲಿ ಸಾಯಬೇಕಾದ ಕೋಶಗಳು ಸಾಯದೆ ಉಳಿಯುವುದೇ ಜಾಸ್ತಿ ತೊಂದರೆ.

ತನ್ನನ್ನು ತಾನೇ ಮುಗಿಸಿಕೊಳ್ಳುವ ಏರ್ಪಾಡು ನಮ್ಮ ಕೋಶಗಳಲ್ಲೇ ಇದೆ. ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಬೆರಳುಗಳು ಕೂಡಿಕೊಂಡಿದ್ದವು. ನಡುವಿನ ಕೋಶಗಳು ಸತ್ತಿದ್ದಕ್ಕೇ ಅವು ಬಿಡಿಬಿಡಿಯಾದವು. ಡಿಎನ್‌ಎ ರಿಪೇರಿ ಆಗದಷ್ಟು ಕೆಟ್ಟಾಗಲೂ ಕೋಶ ಹೀಗೇ ಹೋಗಬೇಕು. ಆಗ ಬ್ಯಾಕ್ಸ್, ಬ್ಯಾಕ್ ಎಂಬ ಪ್ರೋಟೀನ್‌ಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಹೊರಪೊರೆಯಲ್ಲಿ ತೂತು ಮಾಡುತ್ತವೆ. ಒಳಗಿದ್ದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಸೋರುತ್ತದೆ. ಅದರಿಂದ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿಂದಲೇ ತುಂಡು ಮಾಡುತ್ತವೆ. ಸುತ್ತಲಿನ ಕೋಶಗಳು ಆ ಚೂರುಗಳನ್ನು ನುಂಗಿಬಿಡುತ್ತವೆ. ಎಷ್ಟು ಅಚ್ಚುಕಟ್ಟು ನೋಡು!

ಇದಕ್ಕೆ ಅಡ್ಡ ನಿಲ್ಲುವುದು ಬಿಸಿಎಲ್-2 ಎಂಬ ಪ್ರೋಟೀನ್. ಸಾವಿಗೆ ಚಾಲನೆ ಕೊಡುವ ಪ್ರೋಟೀನ್‌ಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಅದು ಕೋಶಗಳನ್ನು ಹೆಚ್ಚಿಸುವುದಿಲ್ಲ, ಸಾಯದಂತೆ ಕಾಯುತ್ತದೆ ಎಂದು 1988ರಲ್ಲಿ ಮೆಲ್ಬರ್ನ್‌ನ ವಿಜ್ಞಾನಿಗಳಾದ ಡೇವಿಡ್ ವಾಕ್ಸ್, ಸುಝಾನ್ ಕೋರಿ, ಜೆರ್ರಿ ಆಡಮ್ಸ್ ತೋರಿಸಿದರು. ನನಗೆ ಈ ಇಡೀ ಕತೆಯಲ್ಲಿ ತುಂಬಾ ಹಿಡಿಸುವ ಭಾಗ ಇದೇ.

ಇದನ್ನು ತಡೆಯುವ ವೆನೆಟೊಕ್ಲಾಕ್ಸ್ ಎಂಬ ಮಾತ್ರೆ ಬಿಸಿಎಲ್-2 ಮೇಲಿನ ಒಂದು ತಗ್ಗಿನಲ್ಲಿ ಹೋಗಿ ಕೂರುತ್ತದೆ. ಅಲ್ಲಿ ಸಿಕ್ಕಿಬಿದ್ದಿದ್ದ ಪ್ರೋಟೀನ್‌ಗಳು ಬಿಡುಗಡೆಯಾಗುತ್ತವೆ. ಮುಂದಿನದ್ದನ್ನು ಕೋಶವೇ ಮಾಡಿಕೊಳ್ಳುತ್ತದೆ. ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ, ಸಿಎಲ್‌ಎಲ್‌ಗೆ, ಅಮೆರಿಕದಲ್ಲಿ 2016ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಆ ಕಾಯಿಲೆಯಲ್ಲಿ ಇದು ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಅಂದರೆ, ಕೋಶಗಳು ಒಟ್ಟಿಗೆ ಸತ್ತು ಪೊಟ್ಯಾಸಿಯಂ, ಯೂರಿಕ್ ಆಸಿಡ್ ರಕ್ತಕ್ಕೆ ನುಗ್ಗಿ ಕಿಡ್ನಿ, ಹೃದಯಕ್ಕೇ ಅಪಾಯವಾಗಬಹುದು. ಅದಕ್ಕೇ ದಿನಕ್ಕೆ 20 ಮಿಲಿಗ್ರಾಂನಿಂದ ಶುರುಮಾಡಿ 5 ವಾರಗಳಲ್ಲಿ 400ಕ್ಕೆ ಏರಿಸುತ್ತಾರೆ.

ಹಾಗಾದರೆ ಒಳ್ಳೆಯ ಕೋಶಗಳೂ ಸಾಯಲ್ವಾ ಅಂತ ನೀನು ಕೇಳೇ ಕೇಳ್ತೀಯ. ಕೆಲವು ಸಾಯುತ್ತವೆ. ಬಿಳಿ ರಕ್ತಕಣಗಳು ಕಡಿಮೆಯಾಗುವುದುಂಟು. ಆದರೆ ಈ ಕ್ಯಾನ್ಸರ್ ಕೋಶಗಳು ಆಗಲೇ ಸಾವಿನ ಅಂಚಿನಲ್ಲಿರುತ್ತವೆ, ಬಿಸಿಎಲ್-2 ಒಂದೇ ಅವನ್ನು ತಡೆದಿರುತ್ತದೆ. ಇದಕ್ಕೂ ಮೊದಲು ಬಂದ ನ್ಯಾವಿಟೊಕ್ಲಾಕ್ಸ್ ಎಂಬ ಔಷಧ, ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೋಟೀನನ್ನೂ ತಡೆಯುತ್ತಿತ್ತು. ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಬದುಕುವುದೇ ಆ ಪ್ರೋಟೀನ್‌ನಿಂದ. ಹಾಗಾಗಿ ರೋಗಿಗಳ ಪ್ಲೇಟ್‌ಲೆಟ್ ಸಂಖ್ಯೆ ಕುಸಿಯುತ್ತಿತ್ತು.

ಕ್ಯಾನ್ಸರ್ ಕೂಡ ಸುಮ್ನೆ ಕೂರಲ್ಲ. ಬಿಸಿಎಲ್-2 ಕೈಕೊಟ್ಟರೆ ಎಂಸಿಎಲ್-1 ಎಂಬ ಇನ್ನೊಂದು ಪ್ರೋಟೀನ್ ಮೊರೆ ಹೋಗುತ್ತದೆ. ಅದನ್ನೂ ತಡೆಯೋಣ ಅಂದರೆ ಹೃದಯದ ಕೋಶಗಳಿಗೂ ಅದು ಬೇಕು. ಸದ್ಯ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವುದು ಇಲ್ಲೇ.

ನಿನ್ನ ಅಮ್ಮ