ತಮ್ಮನ ಹಿಮ್ಮಡಿ ಮುಟ್ಟಿ ನೋಡಿದ ಡಾಕ್ಟರಿಗೆ, ಇನ್ನೂ ಕೆಲವರಿಗೆ

ನನ್ನ ತಮ್ಮನಿಗೆ ಸ್ಟೆಂಟ್ ಹಾಕಿ ಈ ವಾರಕ್ಕೆ ಒಂದು ವರ್ಷವಾಯಿತು. ಅಡ್ಮಿಟ್ ಆದಾಗ 212 ಇದ್ದ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಈಗ 66ಕ್ಕೆ ಇಳಿದಿದೆ. 55ಕ್ಕಿಂತ ಕೆಳಗೆ ಬರಬೇಕು ಅಂದಿದ್ದಾರೆ, ಬರುತ್ತದೆ. ಅಷ್ಟರಲ್ಲಿ ಕೆಲವರ ಋಣ ನೆನೆಯಬೇಕು.

ಡಾಕ್ಟ್ರೇ, ಬ್ಲಾಕ್ ತೆಗೆದು ಮನೆಗೆ ಕಳಿಸಿದ್ದರೂ ನಾವು ಕೈಮುಗಿದೇ ಹೊರಡುತ್ತಿದ್ದೆವು. ನೀವು ಅಷ್ಟಕ್ಕೆ ಬಿಡಲಿಲ್ಲ. ರೌಂಡ್ಸ್‌ಗೆ ಬಂದವರು ಹೊದಿಕೆ ಸರಿಸಿ, ಅವನ ಹಿಮ್ಮಡಿಯ ಹಿಂದೆ ಕೊಲೆಸ್ಟ್ರಾಲ್ ಕೂತು ದಪ್ಪಗಾಗಿದ್ದ ಸ್ನಾಯುರಜ್ಜುವನ್ನು ಒತ್ತಿ ನೋಡಿದಿರಿ. "ತಂದೆಯವರು ಹೇಗೆ ಹೋದರು?" ಅಂತ ಕೇಳಿದಿರಿ. ಅಪ್ಪ 42ಕ್ಕೆ ಎದೆನೋವು ಬಂದು ಹೋದರು. ಅಜ್ಜನೂ ಹೆಚ್ಚು ಕಡಿಮೆ ಹಾಗೇ. ತಮ್ಮನಿಗೆ 37, ತೆಳ್ಳಗಿದ್ದಾನೆ, ಬೀಡಿ ಸಿಗರೇಟು ಮುಟ್ಟಿದವನಲ್ಲ. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಕೆಲಸ ಯಕೃತ್ತಿನದು, ಅದಕ್ಕೆ ಬೇಕಾದ ಜೀನ್‌ನಲ್ಲೇ ದೋಷವಿದ್ದರೆ ಹುಟ್ಟಿದಂದಿನಿಂದ ಕೊಲೆಸ್ಟ್ರಾಲ್ ಏರಿರುತ್ತದೆ ಅಂತ ನೀವು ನಿಧಾನವಾಗಿ ಬಿಡಿಸಿ ಹೇಳಿದಿರಿ. ಎಷ್ಟಿದೆ ಅನ್ನುವಷ್ಟೇ, ಎಷ್ಟು ವರ್ಷದಿಂದ ಇದೆ ಅನ್ನುವುದೂ ರಕ್ತನಾಳಕ್ಕೆ ಮುಖ್ಯವಂತೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುವ ತೊಂದರೆ ಇದು. ಅಪ್ಪ ಅಥವಾ ಅಮ್ಮನಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. "ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸಿ, ಮಕ್ಕಳದ್ದೂ" ಅಂದಿರಿ. ನಮ್ಮನ್ನು ಕಾಪಾಡಿದ್ದು ಆ ಮಾತು.

ನನಗೆ ಇಲ್ಲ. ತಮ್ಮನ ಮಗನಿಗೂ ಇಲ್ಲ. ತಮ್ಮನ 10 ವರ್ಷದ ಮಗಳಿಗೆ ಇದೆ.

ಅಷ್ಟು ಚಿಕ್ಕ ಹುಡುಗಿಗೆ ದಿನಾ ಮಾತ್ರೆಯೇ ಅಂತ ಅವಳಮ್ಮ ಅತ್ತಳು. ಆಗ ನೀವು ಹೇಳಿದ ಆಮ್ಸ್ಟರ್‌ಡ್ಯಾಮಿನ ಮಕ್ಕಳಿಗೂ ನನ್ನ ವಂದನೆ. ಇದೇ ದೋಷವಿದ್ದ 214 ಮಕ್ಕಳು ಸ್ಟ್ಯಾಟಿನ್ ಅನ್ನುವ, ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಶುರುಮಾಡಿದ್ದರು. ವೈದ್ಯರು 20 ವರ್ಷ ಅವರನ್ನು ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 39ರ ವಯಸ್ಸಿನೊಳಗೆ ಹೃದಯದ ತೊಂದರೆ ಕಂಡದ್ದು ಅವರಲ್ಲಿ ಶೇ. 1ರಷ್ಟು ಜನರಿಗೆ. ಅದೇ ದೋಷವಿದ್ದ ಅವರ ಹೆತ್ತವರಲ್ಲಿ, ಅದೇ ವಯಸ್ಸಿನೊಳಗೆ, ಶೇ. 26. ಈ ಎರಡು ಅಂಕಿ ಕೇಳಿದ ಮೇಲೆ ನಮ್ಮ ಮನೆಯಲ್ಲಿ ಚರ್ಚೆ ಉಳಿಯಲಿಲ್ಲ.

ಜಪಾನಿನ ವಿಜ್ಞಾನಿ ಅಕಿರಾ ಎಂಡೋ ಅವರನ್ನೂ ನೆನೆಯುತ್ತೇನೆ. ಸಾವಿರಾರು ಬೂಷ್ಟು, ಅಣಬೆಗಳನ್ನು ಜರಡಿ ಹಿಡಿದು, ಕ್ಯೋಟೋದ ಅಕ್ಕಿಯಲ್ಲಿ ಸಿಕ್ಕ ಒಂದು ಬೂಷ್ಟಿನಿಂದ 1973ರಲ್ಲಿ ಮೊದಲ ಸ್ಟ್ಯಾಟಿನ್ ಕಂಡುಹಿಡಿದವರು ಅವರು. 2024ರಲ್ಲಿ ತೀರಿಕೊಂಡರು. ನಮ್ಮ ಹುಡುಗಿ ರಾತ್ರಿ ನುಂಗುವ ಮಾತ್ರೆ ಅವರ ದುಡಿಮೆಯ ಫಲ.

ಕೊನೆಗೆ ನಮ್ಮ ಸೋದರತ್ತೆಗೆ. ಅತ್ತೆ, ಫೋನಿನಲ್ಲಿ ವಿಷಯ ಹೇಳಿದಾಗ "ನನಗೇನಾಗಿದೆ" ಅನ್ನದೆ ಮರುದಿನವೇ ಮಕ್ಕಳನ್ನು ಕರೆದುಕೊಂಡು ಲ್ಯಾಬಿಗೆ ಹೋದಿರಿ. ನಿಮ್ಮಲ್ಲೂ ದೊಡ್ಡ ಮಗನಲ್ಲೂ ಸಿಕ್ಕಿತು. ಇಬ್ಬರಿಗೂ ಮಾತ್ರೆ ಶುರುವಾಗಿದೆ, ಇಬ್ಬರೂ ಆರಾಮಾಗಿದ್ದೀರಿ. ನಿಮಗೆ ನನ್ನ ನಮಸ್ಕಾರ.