ಹೈಬ್ರಿಡ್ ವಿಮಾನ ಬೇಕು, ಮೊದಲು ರೈಲು ಹೋಗದ ಊರಿಗೆ

ಮಾನ್ಯ ಸಂಪಾದಕರೇ,

ಇಂಧನದ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರ್ ಕೂಡ ಇರುವ ಹೈಬ್ರಿಡ್ ವಿಮಾನ ಬಂದರೆ ಆಕಾಶದ ಹೊಗೆ ಕಡಿಮೆಯಾಗುತ್ತೆ ಅನ್ನೋ ಮಾತು ಈಗ ಆಗಾಗ ಕೇಳುತ್ತಿದ್ದೇವೆ. ಕಾರಿನಲ್ಲಿ ಪೆಟ್ರೋಲ್ ಉಳಿಯುತ್ತೆ ಅಂದಮೇಲೆ ವಿಮಾನದಲ್ಲೂ ಉಳಿಯಬೇಕಲ್ವಾ? ಉಳಿಯುತ್ತೆ. ಆದರೆ ಎಲ್ಲಾ ವಿಮಾನದಲ್ಲಿ ಅಲ್ಲ, ಕಾರಿನಲ್ಲಿ ಉಳಿಯುವ ಕಾರಣಕ್ಕೂ ಅಲ್ಲ.

ಊರೊಳಗೆ ಹೈಬ್ರಿಡ್ ಕಾರಿನ ಲಾಭ ಹೆಚ್ಚಾಗಿ ಬರುವುದು ನಿಲ್ಲುವಾಗ. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುತ್ತೆ, ಬ್ರೇಕ್ ಹಾಕಿದಾಗ ವ್ಯರ್ಥವಾಗುತ್ತಿದ್ದ ಶಕ್ತಿ ಬ್ಯಾಟರಿ ಸೇರುತ್ತೆ. ವಿಮಾನ ಮೇಲೇರಿದ ಮೇಲೆ ಒಂದೇ ಸಮನೆ ಹಾರುತ್ತೆ, ಅಲ್ಲಿ ಈ ಲಾಭ ಸಿಗುವುದಿಲ್ಲ. ವಿಮಾನಕ್ಕೆ ಲಾಭ ಸಿಗುವುದು ಟೇಕಾಫ್ ಹೊತ್ತಿನಲ್ಲಿ. ತುಂಬಿದ ವಿಮಾನ ನೆಲ ಬಿಡಬೇಕು, ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರಲ್ಲೇ ಮೇಲೇರಬೇಕು. ಆ ಕೆಲವು ನಿಮಿಷಗಳಿಗಾಗಿ ದೊಡ್ಡ ಎಂಜಿನ್ ಹಾಕಿರುತ್ತಾರೆ. ನೇರ ಹಾರುವಾಗ ಅಷ್ಟು ಬಲ ಬೇಕಿಲ್ಲ, ಆದರೂ ಅದೇ ದೊಡ್ಡ ಎಂಜಿನ್ ಅರೆಬರೆ ಹೊರೆಯಲ್ಲಿ ಓಡುತ್ತಾ ಇಂಧನ ಕುಡಿಯುತ್ತಿರುತ್ತೆ. ಏರುವಾಗ ಒಂದು ಮೋಟಾರ್ ಕೈಜೋಡಿಸಿದರೆ ಚಿಕ್ಕ ಎಂಜಿನ್ ಸಾಕಾಗುತ್ತೆ, ಆಮೇಲೆ ಅದು ತನಗೆ ಹೊಂದುವ ಹೊರೆಯಲ್ಲೇ ಓಡುತ್ತೆ. ಕೆನಡಾದಲ್ಲಿ ಎಂಜಿನ್ ಮಾಡುವ ಪ್ರಾಟ್ ಅಂಡ್ ವಿಟ್ನಿಯವರು ಡ್ಯಾಶ್-8 ಅನ್ನೋ ಸಣ್ಣ ವಿಮಾನಕ್ಕೆ ಇದೇ ದಾರಿ ಹಿಡಿದಿದ್ದಾರೆ. 2021ರಲ್ಲಿ ಅವರು ಹೇಳಿದ ಗುರಿ ಶೇ 30ರಷ್ಟು ಇಂಧನ ಉಳಿತಾಯ. ಗುರಿ ಮುಟ್ಟಿದರೆ ಅದು ಸಣ್ಣ ಸಾಧನೆ ಏನಲ್ಲ.

ಹಾಗಾದರೆ ದೊಡ್ಡ ವಿಮಾನಕ್ಕೂ ಹಾಕಬಹುದಲ್ಲ ಅಂತ ಕೇಳಬಹುದು. ಅಡ್ಡಿಯಾಗೋದು ಬ್ಯಾಟರಿಯ ತೂಕ. ದೊಡ್ಡದು ಬಿಡಿ, ನಮ್ಮ ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಬಂದುಹೋಗುವ, ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ 72 ವಿಮಾನವನ್ನೇ ತೆಗೆದುಕೊಳ್ಳಿ. ಒಂದು ಕಿಲೋ ವಿಮಾನ ಇಂಧನದಲ್ಲಿ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಸುಮಾರು 12 ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆಯನ್ನಷ್ಟೇ ಕೆಲಸಕ್ಕೆ ತರುತ್ತೆ ಅಂತ ಹಿಡಿಯೋಣ. ಆದರೂ ಒಂದು ಟನ್ ಇಂಧನ ಮಾಡುವ ಕೆಲಸಕ್ಕೆ, ಕಿಲೋಗೆ 0.2 ಯೂನಿಟ್ ಹಿಡಿಸುವ ಬ್ಯಾಟರಿ ಹಾಕಿದರೆ, ಹತ್ತಿರ ಹತ್ತಿರ 20 ಟನ್ ಬ್ಯಾಟರಿ ಬೇಕು. ತನ್ನ ಸ್ವಂತ ತೂಕ, ಜನ, ಲಗೇಜು, ಇಂಧನ ಎಲ್ಲಾ ಸೇರಿ ಆ ವಿಮಾನ ಮೇಲೇರಬಹುದಾದ ಒಟ್ಟು ತೂಕವೇ ಸುಮಾರು 23 ಟನ್! ಇನ್ನೊಂದು ತೊಡಕೂ ಇದೆ. ಇಂಧನ ಉರಿದಂತೆ ವಿಮಾನ ಹಗುರಾಗುತ್ತಾ ಹೋಗುತ್ತೆ, ಬ್ಯಾಟರಿ ಖಾಲಿಯಾದರೂ ಅಷ್ಟೇ ಭಾರ ಇರುತ್ತೆ, ಇಳಿಯುವಾಗಲೂ ಅದನ್ನು ಹೊತ್ತುಕೊಂಡೇ ಇಳಿಯಬೇಕು.

ಇದು ಕಂಪನಿಗಳಿಗೆ ಗೊತ್ತಿಲ್ಲದ್ದಲ್ಲ. ಏರ್‌ಬಸ್, ರೋಲ್ಸ್ ರಾಯ್ಸ್, ಸೀಮೆನ್ಸ್ ಮೂವರೂ ಸೇರಿ 2017ರಲ್ಲಿ ಇ-ಫ್ಯಾನ್ ಎಕ್ಸ್ ಅನ್ನೋ ಯೋಜನೆ ಹೊರಡಿಸಿದ್ದರು. ನಾಲ್ಕು ಎಂಜಿನ್‌ನ ವಿಮಾನದಲ್ಲಿ ಒಂದನ್ನು ತೆಗೆದು 2 ಮೆಗಾವಾಟ್ ಮೋಟಾರ್ ಕೂರಿಸುವುದು ಅದರ ಉದ್ದೇಶ. ಒಮ್ಮೆಯೂ ಹಾರದೆ 2020ರ ಏಪ್ರಿಲ್‌ನಲ್ಲಿ ಅದು ನಿಂತಿತು. ಸ್ವೀಡನ್ನಿನ ಹಾರ್ಟ್ ಏರೋಸ್ಪೇಸ್ ಬರೀ ಬ್ಯಾಟರಿಯ 19 ಸೀಟಿನ ವಿಮಾನ ಮಾಡಲು ಹೊರಟಿತ್ತು. 2022ರಲ್ಲಿ ಅದನ್ನು ಕೈಬಿಟ್ಟು 30 ಸೀಟಿನ ಹೈಬ್ರಿಡ್‌ಗೆ ಬಂತು. ಬ್ಯಾಟರಿಯಲ್ಲೇ 200 ಕಿ.ಮೀ., ಇಂಧನವನ್ನೂ ಸೇರಿಸಿದರೆ 30 ಜನರೊಂದಿಗೆ 400 ಕಿ.ಮೀ. ಅಂತ ಅವರೇ ಹೇಳಿಕೊಂಡರು. ಅಳತೆ ಅರಿತು ಇಳಿದದ್ದು ಒಳ್ಳೆಯದೇ.

ಆದರೆ ವಿಮಾನದ ಹೊಗೆ ಜಾಸ್ತಿ ಬರುವುದು ಎಲ್ಲಿಂದ? ಯುರೋಪಿನ ಲೆಕ್ಕ ನೋಡಿ. ಅಲ್ಲಿಂದ ಹೊರಡುವ ವಿಮಾನಗಳಲ್ಲಿ 4,000 ಕಿ.ಮೀ.ಗಿಂತ ದೂರ ಹೋಗುವಂಥವು ಶೇ 6ರ ಆಸುಪಾಸು, ಇಂಗಾಲದಲ್ಲಿ ಅವುಗಳ ಪಾಲು ಮಾತ್ರ ಹತ್ತಿರ ಹತ್ತಿರ ಅರ್ಧ. ಅಷ್ಟು ದೂರಕ್ಕೆ ಹೈಬ್ರಿಡ್ ಇವತ್ತು ಉತ್ತರ ಅಲ್ಲ. ಚಿಕ್ಕ ದೂರಕ್ಕೆ ಉತ್ತರ ಹೌದು, ಆದರೆ ಅದೇ ದೂರಕ್ಕೆ ನಮ್ಮಲ್ಲಿ ರೈಲು ಇದೆ. ಬೆಂಗಳೂರು-ಮೈಸೂರಿಗೆ ಹೈಬ್ರಿಡ್ ವಿಮಾನ ತಂದು ಪರಿಸರ ಉಳಿಸ್ತೀವಿ ಅಂದರೆ ನಾನು ಒಪ್ಪಲ್ಲ. 2023ರಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ಕರೆಂಟಿನಲ್ಲೇ ಓಡುತ್ತಿದೆ, ಬ್ಯಾಟರಿಯ ಭಾರ ಹೊರುವ ಗೋಜೂ ಇಲ್ಲ. ಕರೆಂಟಿನ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುವ ದೇಶದಲ್ಲಿ, ಒಂದೊಂದು ಯೂನಿಟ್ಟನ್ನೂ ಹೆಚ್ಚು ಜನರನ್ನು ಸಾಗಿಸುವ ಕಡೆಗೇ ಖರ್ಚು ಮಾಡಬೇಕು.

ಹೈಬ್ರಿಡ್ ನಿಜವಾಗಿ ಬೇಕಾಗಿರುವುದು ಹಳಿ ಹಾಕಲಾಗದ ಊರುಗಳಿಗೆ. ಕೊಚ್ಚಿಯಿಂದ ಲಕ್ಷದ್ವೀಪದ ಅಗತ್ತಿಗೆ ಎಟಿಆರ್ ಹಾರುತ್ತೆ, ಅಲ್ಲಿನ ರನ್‌ವೇ ಚಿಕ್ಕದು. ಅರುಣಾಚಲದ ಗುಡ್ಡಗಾಡು ಇದೆ, ಅಂಡಮಾನ್ ಇದೆ. ಅಲ್ಲಿನವರಿಗೆ ವಿಮಾನ ಶೋಕಿ ಅಲ್ಲ, ಆಸ್ಪತ್ರೆಗೆ ಹೋಗುವ ದಾರಿ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ನವರು ಸರಸ್ ಮಾರ್ಕ್-2 ಅನ್ನೋ 19 ಸೀಟಿನ ವಿಮಾನ ರೂಪಿಸುತ್ತಿದ್ದಾರೆ, ಇ-ಹಂಸ ಅನ್ನೋ ಎರಡು ಸೀಟಿನ ವಿದ್ಯುತ್ ತರಬೇತಿ ವಿಮಾನದ ಕೆಲಸವೂ 2025ರಲ್ಲಿ ಘೋಷಣೆಯಾಗಿದೆ. ಈ ಎರಡೂ ಕೆಲಸದ ಅನುಭವ ಕೂಡಿಸಿ ದ್ವೀಪಕ್ಕೂ ಗುಡ್ಡಕ್ಕೂ ಹೊಂದುವ ಒಂದು ಸಣ್ಣ ಹೈಬ್ರಿಡ್ ವಿಮಾನ ಮಾಡಬಾರದೇ? ಕೇಂದ್ರ ಸರ್ಕಾರ ಇದಕ್ಕೆ ದುಡ್ಡು ಕೊಡಬೇಕು ಅಂತ ನಮ್ಮ ಸಂಸದರು ಕೇಳಲಿ.

ದೊಡ್ಡ ವಿಮಾನಗಳ ವಿಷಯದಲ್ಲಿ ಇವತ್ತೇ ಮಾಡಬಹುದಾದ ಕೆಲಸವೂ ಇದೆ. 2019ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ಏರ್ ಇಂಡಿಯಾದ ಎ320 ವಿಮಾನವನ್ನು, ಒಳಗೆ ಪ್ರಯಾಣಿಕರು ಕೂತಿದ್ದ ಹಾಗೇ, ಟ್ಯಾಕ್ಸಿಬಾಟ್ ಅನ್ನೋ ಗಾಡಿ ರನ್‌ವೇ ಕಡೆಗೆ ಎಳೆದೊಯ್ದಿತ್ತು. ಎಂಜಿನ್ ಹಚ್ಚದೆಯೇ ಪೈಲಟ್ ಅದನ್ನು ನಡೆಸಬಹುದು. ಆ ಗಾಡಿಯೇ ಡೀಸೆಲ್-ವಿದ್ಯುತ್ ಹೈಬ್ರಿಡ್! ಸಾಲಿನಲ್ಲಿ ನಿಂತು ಸುಮ್ನೆ ಇಂಧನ ಉರಿಸುವುದು ಇದರಿಂದ ತಪ್ಪುತ್ತೆ. ಇದನ್ನು ಎಲ್ಲಾ ದೊಡ್ಡ ನಿಲ್ದಾಣಗಳಲ್ಲೂ ಕಡ್ಡಾಯ ಮಾಡಲು ಹೊಸ ಬ್ಯಾಟರಿ ಬರುವವರೆಗೆ ಕಾಯಬೇಕಿಲ್ಲ.

ಕೊನೆಗೆ ನಿಮ್ಮಲ್ಲೊಂದು ವಿನಂತಿ. ಇನ್ನು ಮುಂದೆ ಹೈಬ್ರಿಡ್ ವಿಮಾನದ ಸುದ್ದಿ ಹಾಕುವಾಗ ಎಷ್ಟು ಸೀಟು, ಬ್ಯಾಟರಿಯಲ್ಲಿ ಎಷ್ಟು ಕಿ.ಮೀ., ಅದು ನಿಜವಾಗಿ ಹಾರಿದೆಯೋ ಬರೀ ಚಿತ್ರವೋ, ಇಷ್ಟನ್ನು ದಯವಿಟ್ಟು ಸುದ್ದಿಯ ಮೊದಲಲ್ಲೇ ಹಾಕಿ.

- ಒಬ್ಬ ಓದುಗ, ಹುಬ್ಬಳ್ಳಿ