ಮಗಳಿಗೊಂದು ಪತ್ರ: ಮಗುವಿನ ಮೊದಲ 24 ಗಂಟೆ

ಡೊಂಬಿವಲಿ

ಚಿ. ಸೌ. ಮಗಳಿಗೆ ಅಮ್ಮನ ಅನೇಕ ಆಶೀರ್ವಾದಗಳು.

ಗರ್ಭಿಣಿಯರ ತಪಾಸಣೆಯಲ್ಲಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಪಾಸಿಟಿವ್ ಬಂದಿದೆಯೆಂದು ನೀನು ಪುಣೆಯಿಂದ ಅಳುತ್ತಾ ಫೋನ್ ಮಾಡಿದ ಮೇಲೆ ನಾನೂ ರಕ್ತ ಪರೀಕ್ಷೆ ಮಾಡಿಸಿದೆ. ನನ್ನದೂ ಪಾಸಿಟಿವ್. ನೀನು ಹುಟ್ಟುವಾಗಲೇ ಈ ಸೋಂಕು ನನ್ನಿಂದ ನಿನಗೆ ಬಂದಿರುವ ಸಂಭವ ಹೆಚ್ಚೆಂದು ಡಾಕ್ಟರು ಹೇಳಿದರು. ಎಳೆಗೂಸಿಗೆ ತಗುಲಿದ ಈ ವೈರಾಣು 100ರಲ್ಲಿ ಸುಮಾರು 90 ಮಕ್ಕಳ ದೇಹದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ದೊಡ್ಡವರಿಗೆ ತಗುಲಿದಾಗ ಹಾಗೆ ಉಳಿಯುವುದು 100ರಲ್ಲಿ ಐವರಿಗಿಂತ ಕಡಿಮೆ ಜನರಲ್ಲಿ. ನೀನು ಹುಟ್ಟಿದ 1996ರಲ್ಲಿ ಇದನ್ನು ತಡೆಯುವ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ಇರಲಿಲ್ಲ. ಆದ್ದರಿಂದ ಯಾರಿಂದ ಬಂತು, ಏಕೆ ಬಂತು ಎಂದು ಕೊರಗಬೇಡ. ನಿನ್ನ ಮಗುವಿಗೆ ಬಾರದಂತೆ ತಡೆಯುವ ದಾರಿ ಇದೆ, ನಮ್ಮ ಗಮನವೆಲ್ಲ ಅದರ ಮೇಲಿರಲಿ.

ಚೊಚ್ಚಲ ಹೆರಿಗೆಗೆ ನೀನು ತವರಿಗೇ ಬರುವೆಯಾದ್ದರಿಂದ ಇಲ್ಲಿಯ ಆಸ್ಪತ್ರೆಗಳಲ್ಲಿ ವಿಚಾರಿಸಿದೆ. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಬೀಳಬೇಕು. ಜೊತೆಗೆ ಇನ್ನೊಂದು ತೊಡೆಗೆ ಇಮ್ಯುನೊಗ್ಲೋಬ್ಯುಲಿನ್ (ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳು) ಚುಚ್ಚುಮದ್ದು, ಅದೂ ಸಾಧ್ಯವಾದರೆ 12 ಗಂಟೆಯೊಳಗೆ. ಲಸಿಕೆ ಸುಲಭವಾಗಿ ಸಿಗುತ್ತದೆ. ಇಮ್ಯುನೊಗ್ಲೋಬ್ಯುಲಿನ್ ದುಬಾರಿ, ಎಲ್ಲರೂ ತಂದಿಟ್ಟಿರುವುದಿಲ್ಲ. ಒಂದು ಕಡೆ "ಬೇಕಾದಾಗ ತರಿಸುತ್ತೇವೆ" ಎಂದರು. ಹೆರಿಗೆ ನಡುರಾತ್ರಿಯಲ್ಲೋ ಗಣಪತಿ ವಿಸರ್ಜನೆಯ ದಿನವೋ ಆದರೆ ಎಲ್ಲಿಂದ ತರಿಸುತ್ತಾರೆ? ಮತ್ತೊಂದು ಕಡೆ ಸಿಸ್ಟರ್ ಫ್ರಿಜ್ ತೆರೆದು ಡಬ್ಬಿಯನ್ನು ಹೊರತೆಗೆದು, ಅದರ ಮೇಲಿನ ಎಕ್ಸ್‌ಪೈರಿ ತಾರೀಖನ್ನು ಬೆರಳಿಟ್ಟು ತೋರಿಸಿದರು. ಹೆಸರು ಅಲ್ಲಿಯೇ ಬರೆಸೋಣ.

ಅದಕ್ಕೂ ಮೊದಲು ನೀನು ಪುಣೆಯಲ್ಲಿಯೇ, ರಕ್ತದಲ್ಲಿ ಈ ವೈರಾಣು ಎಷ್ಟಿದೆಯೆಂದು ಅಳೆಯುವ ಎಚ್‌ಬಿವಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಳ್ಳಬೇಕು. ರಕ್ತದಲ್ಲಿ ವೈರಾಣುವಿನ ಪ್ರಮಾಣ ಹೆಚ್ಚಿದ್ದರೆ, ಲಸಿಕೆ ಹಾಕಿದರೂ ಮಗುವಿಗೆ ತಗಲುವ ಅಪಾಯ ಸ್ವಲ್ಪ ಉಳಿಯುವುದರಿಂದ, ಸಾಮಾನ್ಯವಾಗಿ 28ನೇ ವಾರದ ಸುಮಾರಿಗೆ ವೈರಾಣುವನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆ ಆರಂಭಿಸುತ್ತಾರೆ. ಅದನ್ನು ಡಾಕ್ಟರು ಹೇಳುವ ತನಕ ನಿಲ್ಲಿಸಕೂಡದು. ಹೆರಿಗೆಯ ನಂತರ ಯಕೃತ್ತಿನ ಉರಿಯೂತ ಒಮ್ಮೆಲೇ ಏರುವುದುಂಟು.

ಪಕ್ಕದ ಮನೆಯವರು ಕಾಮಾಲೆಗೆ ಮಾಲೆ ಹಾಕಿಸು, ನಾಟಿ ಔಷಧಿ ಕೊಡಿಸು ಎನ್ನುತ್ತಿದ್ದಾರೆ. ಮಳೆಗಾಲದಲ್ಲಿ ಮುಂಬಯಿಯಲ್ಲಿ ಹಬ್ಬುವ ಕಾಮಾಲೆ ಬಹುಮಟ್ಟಿಗೆ ಕೆಟ್ಟ ನೀರಿನಿಂದ ಬರುವ ಎ ಮತ್ತು ಇ ಬಗೆಯದು, ತಾನಾಗಿಯೇ ವಾಸಿಯಾಗುವುದೇ ಹೆಚ್ಚು. ಆ ಗುಣ ಮಾಲೆಯ ಹೆಸರಿಗೆ ಹೋಗುತ್ತದೆ. ನಮ್ಮದು ರಕ್ತದಿಂದ, ದೈಹಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುವಂಥದು. ಕಣ್ಣು ಹಳದಿಯಾಗದೆಯೇ ಎಷ್ಟೋ ವರ್ಷ ಸುಮ್ಮನಿದ್ದು, ಕೊನೆಗೆ ಸಿರೋಸಿಸ್ (ಯಕೃತ್ತು ಗಟ್ಟಿಯಾಗಿ ಕೆಡುವುದು) ಅಥವಾ ಯಕೃತ್ತಿನ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಲ್ಲದು. ಯಕೃತ್ತಿಗೆ ಹೊರೆಯಾಗುವ ಯಾವ ಕಷಾಯವನ್ನೂ ದಯವಿಟ್ಟು ಕುಡಿಯಬೇಡ.

ಅಳಿಯಂದಿರಿಗೆ ಇಂದೇ ಹೇಳು. ಅವರಿಗೆ ಸೋಂಕೂ ಇಲ್ಲದೆ ರಕ್ಷಣೆಯೂ ಇಲ್ಲದಿದ್ದರೆ ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಮೂರು ಡೋಸ್ ಹಾಕಿಸಿಕೊಳ್ಳಲಿ. ಅದು ಮುಗಿಯುವವರೆಗೆ ಕಾಂಡೋಮ್ ಬಳಸಿರಿ. ನಿನ್ನ ಅತ್ತೆಯವರಿಗೆ ಹೇಳುವುದು ಬಿಡುವುದು ನಿಮ್ಮಿಬ್ಬರಿಗೆ ಬಿಟ್ಟದ್ದು. ಹೇಳಿದ ಮೇಲೆ ಯಾರಾದರೂ ನಿನ್ನ ತಟ್ಟೆ ಲೋಟ ಬೇರೆ ಇಟ್ಟರೆ ಮಾತ್ರ ಸುಮ್ಮನಿರಬೇಡ. ಒಟ್ಟಿಗೆ ಉಣ್ಣುವುದರಿಂದ, ಅಡುಗೆ ಮಾಡಿ ಬಡಿಸುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ. ಪ್ರತ್ಯೇಕವಾಗಿ ಇಡಬೇಕಾದದ್ದು ರೇಜರ್, ಟೂತ್‌ಬ್ರಶ್, ನೇಲ್ ಕಟರ್. ಒಣಗಿದ ರಕ್ತದ ಕಲೆಯಲ್ಲಿಯೂ ಈ ವೈರಾಣು ಏಳು ದಿನ ಜೀವಂತ ಇರಬಲ್ಲದು.

ಎದೆಹಾಲಿನ ಬಗ್ಗೆ ಕೇಳಿದ್ದೆಯಲ್ಲ, ಧಾರಾಳವಾಗಿ ಕುಡಿಸಬಹುದು. ಮೊಲೆತೊಟ್ಟು ಒಡೆದು ರಕ್ತ ಬಂದರೆ ಡಾಕ್ಟರನ್ನು ಕೇಳೋಣ. 6, 10 ಮತ್ತು 14ನೇ ವಾರದ ಲಸಿಕೆಗಳಲ್ಲಿ ಒಂದೂ ತಪ್ಪಬಾರದು. 9ರಿಂದ 12 ತಿಂಗಳ ನಡುವೆ ಮಗುವಿನ ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ಫಲಿಸಿತೇ ಎಂದು ತಿಳಿಯುತ್ತದೆ.

ಬರುವಾಗ ಎಲ್ಲ ರಿಪೋರ್ಟುಗಳನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಬಾ; ಎಚ್‌ಬಿಎಸ್‌ಎಜಿ ಕಾಗದ, ಅಂದರೆ ಪಾಸಿಟಿವ್ ಬಂದ ಆ ತಪಾಸಣೆಯ ವರದಿ, ಎಲ್ಲಕ್ಕಿಂತ ಮೇಲಿರಲಿ.

ನಿನ್ನ ಪ್ರೀತಿಯ
ಅಮ್ಮ